ಪಟೇಲರ ಎಮ್ಮೆಯೂ ನಾನು ಬರೆದ ಕುಂಭಕರ್ಣನೂ

ನಮ್ಮ ಮನೆಯಲ್ಲಿ ಗಿಣಿಶಾಸ್ತ್ರ ಹೆಂಗಸರ ಕಸುಬು. ನನ್ನ ಅತ್ತೆ ಅದನ್ನು ತನ್ನ ತಾಯಿಯಿಂದ ಕಲಿತಿದ್ದಳು. ನ್ಯಾಯವಾಗಿ ಅದು ನನ್ನ ಹೆಂಡತಿಗೆ ಬರಬೇಕಿತ್ತು. ಅವಳಿಗೆ ಗಿಣಿಯ ಮೇಲೂ ನಂಬಿಕೆಯಿಲ್ಲ, ಶಾಸ್ತ್ರದ ಮೇಲೂ ಇಲ್ಲ. ಮಂಡ್ಯದ ಫಾರಂನಲ್ಲಿ ಕಬ್ಬಿನ ಕಳೆ ಕೀಳುವ ಕೆಲಸ ಹಿಡಿದು ನೆಮ್ಮದಿಯಾಗಿದ್ದಳು. ನನಗೋ ಗುದ್ದಲಿ ಹಿಡಿದರೆ ಅಂಗೈ ತುಂಬ ಬೊಬ್ಬೆ, ನೇಗಿಲು ಹಿಡಿದರೆ ಸಾಲೆಲ್ಲ ಸೊಟ್ಟ. ಚಿತ್ರ ಬರೆಯಲು ಮಾತ್ರ ಕೈ ಓಡುತ್ತಿತ್ತು. ಅತ್ತೆ ನನಗೆ ಸೋದರತ್ತೆಯೂ ಆಗಬೇಕು, ಹಾಗಾಗಿ ಅಳಿಯ ಎಂಬ ಮರ್ಯಾದೆ ಇಟ್ಟುಕೊಂಡವಳಲ್ಲ. "ಇನ್ಯಾವ್ದುಕ್ಕೂ ಆಗಾಕಿಲ್ಲ ನೀನು. ಪಂಜ್ರ ಎತ್ಕಂಡು ನನ್ ಇಂದೆ ಬಾ," ಎಂದಳು. ಹೀಗೆ ನಾನು ಗಿಣಿಶಾಸ್ತ್ರದವನಾದೆ.

ಮಳೆ ಇಳಿಮುಖವಾದ ಮೇಲೆ, ಗೌರಿ ಹಬ್ಬದಿಂದ ಕಾರ್ತಿಕ ಮುಗಿಯುವ ತನಕ ನಮಗೆ ಸುಗ್ಗಿ. ಆಗ ಗದ್ದೆಯಲ್ಲಿ ಭತ್ತ, ಹೊಲದಲ್ಲಿ ರಾಗಿ ತಮ್ಮಷ್ಟಕ್ಕೆ ತಾವು ಬಲಿಯುತ್ತಿರುತ್ತವೆ. ಬೇಸಾಯಗಾರರಿಗೆ ಕಾಯುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಸುಮ್ಮನೆ ಕಾಯುತ್ತ ಕೂತ ಮನುಷ್ಯನಿಗೆ ಮುಂದೇನಾಗುತ್ತದೋ ತಿಳಿಯುವ ಚಪಲ ಹತ್ತುತ್ತದೆ. ನಾವು ಮಂಡ್ಯದ ಮನೆ ಬಿಟ್ಟು ಮದ್ದೂರಿನ ಸಂತೆ, ಅಲ್ಲಿಂದ ಮಳವಳ್ಳಿಯ ಸಂತೆ ಎಂದು ಸುತ್ತುತ್ತಿದ್ದೆವು. ಬಂದವರು ಎದುರಿಗೆ ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾರೆ. ಗಿಣಿ ಪಂಜರದಿಂದ ಹೊರಬಂದು ಪಟಗಳ ಸಾಲಿನಿಂದ ಒಂದನ್ನು ಕೊಕ್ಕಿನಲ್ಲಿ ಎಳೆದು ಹಾಕಿ, ಒಂದು ಭತ್ತದ ಕಾಳು ತಿಂದು ಒಳಗೆ ಹೋಗುತ್ತದೆ. ಪಟದಲ್ಲಿ ರಾಮನ ಪಟ್ಟಾಭಿಷೇಕವೋ, ಶನಿಯೋ, ಲಕ್ಷ್ಮಿಯೋ ಇರುತ್ತದೆ. ಅತ್ತೆ ಪಟದ ಕಡೆ ಒಮ್ಮೆ ನೋಡಿ, ಬಂದವರ ಮುಖದ ಕಡೆ ಬಹಳ ಹೊತ್ತು ನೋಡಿ ಫಲ ಹೇಳುತ್ತಾಳೆ.

ಸಕ್ಕರೆ ಕಾರ್ಖಾನೆಯ ಚಿಮಣಿ ಮಂಡ್ಯದವರಿಗೆ ಇನ್ನೂ ಹೊಸತಾಗಿದ್ದ ಕಾಲ ಅದು. ಆ ವರ್ಷದ ಮಳೆಗೆ ನಮ್ಮ ಸೂರು ಸರಿಯಾಗಿ ಪಟದ ಪೆಟ್ಟಿಗೆಯ ಮೇಲೆಯೇ ಸೋರಿತು. ಅತ್ತೆಯ ತಾಯಿಯ ಕಾಲದ ಪಟಗಳು. ಬಿಚ್ಚಿ ನೋಡಿದರೆ ಇಡೀ ರಾಮಾಯಣ ಒಂದು ಮುದ್ದೆಯಾಗಿ ಕೂತಿತ್ತು. ಅತ್ತೆ ಸತ್ತವರ ಮನೆಯಲ್ಲಿ ಅತ್ತ ಹಾಗೆ ಅತ್ತು, ಮೂಗು ಒರೆಸಿಕೊಂಡು, "ಬರಿ ಒಸಾವ. ಇನ್ಯಾತಕ್ಕೆ ಇದೀಯ ನೀನು?" ಎಂದಳು.

ಹಳೆಯ ಕಾಗದಗಳನ್ನು ಹುಣಸೆ ಬೀಜದ ಅಂಟಿನಿಂದ ಒಂದರ ಮೇಲೊಂದು ಮೆತ್ತಿ, ಒಣಗಿಸಿ, ಕತ್ತರಿಸಿ ಪಟ ಮಾಡಿದೆ. ಅರಿಸಿನ, ಕೆಮ್ಮಣ್ಣು, ದೀಪದ ಮಸಿ, ಬಟ್ಟೆಗೆ ಹಾಕುವ ನೀಲಿ ಇವೇ ಬಣ್ಣ. ಮೈ, ಕಿರೀಟ, ಗದೆ ಎಲ್ಲ ಸಲೀಸಾಗಿ ಬಂತು. ಮುಖಕ್ಕೆ ಬಂದಾಗ ಕೈ ನಿಂತಿತು. ದೇವರನ್ನು ನಾನೆಲ್ಲಿ ಕಂಡಿದ್ದೆ? ನಾನು ಕಂಡವರು ಈ ಮೂರು ಊರಿನ ಜನ. ಹಾಗಾಗಿ ಲಕ್ಷ್ಮಿಗೆ ಮಂಡ್ಯದ ಬಳೆಗಾರ್ತಿಯ ಮುಖ ಬಂತು. ಮದ್ದೂರಿನ ಟಪಾಲಿನವನ ದವಡೆ ಹನುಮಂತನಿಗೆ ಹೇಳಿ ಮಾಡಿಸಿದ ಹಾಗಿತ್ತು. ಶನಿಗೆ, ನಾಲ್ಕನೇ ಕ್ಲಾಸಿನಲ್ಲಿ ನನ್ನನ್ನು ನಪಾಸು ಮಾಡಿದ ಮೇಷ್ಟರು ತಾವಾಗಿಯೇ ಬಂದು ಕೂತರು. ಕುಂಭಕರ್ಣನಿಗೆ ಮಾತ್ರ ಯಾರ ಮುಖವೂ ಹೊಂದಲಿಲ್ಲ. ಮೈ ಬರೆದು, ಮುಖದ ಜಾಗ ಖಾಲಿ ಬಿಟ್ಟು, ಪಟವನ್ನು ಜೇಬಿಗೆ ಹಾಕಿಕೊಂಡೆ.

ಹುಳ ಹಿಡಿಯದಿರಲಿ ಎಂದು ಪಟಗಳಿಗೆ ಬೇವಿನ ಎಣ್ಣೆ ಸವರಿದ್ದು ತಪ್ಪಾಯಿತು. ಪಿತೃಪಕ್ಷದಲ್ಲಿ ಮದ್ದೂರಿನ ಸಂತೆಗೆ ಹೋಗಿ ಪಟ ಹರಡಿದೆವು. ಗಿಣಿ ಹೊರಗೆ ಬಂದು, ಮೂಸಿ, ನನ್ನ ಕಡೆ ಒಂದು ಸಲ ನೋಡಿ, ಒಳಗೆ ಹೋಗಿ ಬಾಲ ತಿರುಗಿಸಿ ಕೂತಿತು. ಭತ್ತ ಸುರಿದರೂ ಬರಲಿಲ್ಲ. ಎದುರಿಗೆ ಕೂತಿದ್ದ ಹೆಂಗಸು ಗಾಬರಿಯಾದಳು.

"ಎದ್ರುಕಬ್ಯಾಡ ಕಣವ್ವ," ಎಂದಳು ಅತ್ತೆ, ರೆಪ್ಪೆ ಮಿಟುಕಿಸದೆ. "ಪಿತೃಪಕ್ಸ ಅಲ್ವಾ? ಗಿಣೀನೂ ಅವರಪ್ಪುಂಗೆ ಎಡೆ ಇಕ್ಬೇಕು. ಮುಂದಿನ್ ಸಂತೇಗೆ ಬಾ."

ಹೆಂಗಸು ಭಕ್ತಿಯಿಂದ ಗಿಣಿಗೆ ಕೈಮುಗಿದು ಹೋದಳು. ನಾನು ಮನೆಗೆ ಬಂದು ಪಟಗಳನ್ನೆಲ್ಲ ಕಡಲೆ ಹಿಟ್ಟಿನಲ್ಲಿ ಉಜ್ಜಿದೆ. ಆಮೇಲೆ ಗಿಣಿ ನನ್ನ ಜೊತೆ ರಾಜಿಯಾಯಿತು.

ಆಯುಧಪೂಜೆ ಕಳೆದ ಮೇಲೆ ಮತ್ತೆ ಮದ್ದೂರಿನಲ್ಲಿ ಅರಳಿಕಟ್ಟೆಯ ಮೇಲೆ ಕೂತಿದ್ದೆವು. ಹತ್ತಿರದ ಹಳ್ಳಿಯ ಪಟೇಲರು ಬಂದರು. ಅಗಲವಾದ ಆಳು, ಅದಕ್ಕಿಂತ ಅಗಲವಾದ ಮೀಸೆ. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು ಕೂತರು.

"ಒಂದ್ ಎಮ್ಮೆ ಓಗ್ಬುಟ್ಟದೆ," ಎಂದರು. "ತಿರ್ಗಾ ಬತ್ತದಾ ಇಲ್ವಾ, ಕೇಳು ನಿನ್ ಗಿಣೀನ."

"ಯಾವಾಗ ಓಯ್ತು ಪಟೇಲ್ರೇ?" ಎಂದಳು ಅತ್ತೆ.

"ಗೌರಿ ಅಬ್ಬದಲ್ಲಿ."

"ಯಾವ್ ಕಡೀಕೆ?"

"ಮಳವಳ್ಳಿ ಕಡೀಕೆ."

"ಅಗ್ಗ ಕಿತ್ಕಂಡು ಓಯ್ತಾ, ನೀವೇ ಬುಟ್ರಾ?"

"ಅದ್ರಪ್ಪ ಬಂದು ಕರ್ಕಂಡೋದ."

ನಾನು ತಲೆ ಎತ್ತಿದೆ. ಅತ್ತೆ ತೊಡೆ ಚಿವುಟಿ ನಾನು ತಲೆ ತಗ್ಗಿಸುವಂತೆ ಮಾಡಿದಳು. ಪಟೇಲರಿಗೆ ತಾವೇನಂದೆವೆಂಬುದೇ ಗೊತ್ತಾದ ಹಾಗಿರಲಿಲ್ಲ.

"ಓಗೋವಾಗ ಏನಾರ ಅಂತಾ?" ಅತ್ತೆ ಅಷ್ಟೇ ಗಂಭೀರವಾಗಿ ಕೇಳಿದಳು.

"ಎಮ್ಮೆ ಏನ್ ಅಂದದಮ್ಮ?" ಎಂದು ಪಟೇಲರು ನಕ್ಕರು. ಆಮೇಲೆ ಮೆಲ್ಲಗೆ, "ಇನ್ ಮ್ಯಾಕೆ ನಿನ್ ಒಸ್ಲು ತುಳ್ಯಾಕಿಲ್ಲ ಅಂತು," ಎಂದರು.

ಗಿಣಿ ಬಂದು ಹನುಮಂತನನ್ನು ಎಳೆಯಿತು. ಅತ್ತೆಗೆ ಖುಷಿಯಾಯಿತು. "ನೋಡಿ, ಸಮುದ್ರ ದಾಟ್ದೋನು! ನೀವೇ ಎದ್ದು ಓಗ್ಬೇಕು ಅಂತ ಅರ್ತ."

ಪಟೇಲರು ಪಟವನ್ನು ಕಣ್ಣಿನ ಹತ್ತಿರ ಹಿಡಿದರು. "ಇವ ನಮ್ ಟಪಾಲ್ನೋನು ಅಲ್ವಾ?" ಅವರು ಯೋಚಿಸುತ್ತ ಮುಂದುವರಿದರು. "ಸರಿಯಾಗೇ ಅದೆ. ಅನುಮಂತ ಅಂದ್ರೆ ಮಾತು ತಕಂಡೋಗೋನು. ಮೊದ್ಲು ರಾಮ ಎದ್ದೋದ್ನಾ? ಇಲ್ಲ. ಇನ್ನೊಬ್ಬುನ್ನ ಕಳುಸ್ದ. ನೀವೆಂಗೂ ಮಳವಳ್ಳಿ ಸಂತೆಗೆ ಓಯ್ತೀರಲ್ಲ?"

ಶಾಸ್ತ್ರ ಕೇಳಲು ಬಂದವರೇ ಅತ್ತೆಗಿಂತ ಚೆನ್ನಾಗಿ ಶಾಸ್ತ್ರ ಹೇಳಿದ್ದರು.

"ಏನಂತ ಯೋಳವ ಪಟೇಲ್ರೇ?" ಎಂದಳು.

ಪಟೇಲರು ಮೀಸೆ ನೀವಿಕೊಂಡರು. "ಕೊಟ್ಗೆ ಬಣಗುಡ್ತಾ ಅದೆ ಅನ್ನಿ," ಎಂದು ಹೇಳಿ ಆಕಳಿಸಿದರು. ಅಂಥ ಆಕಳಿಕೆಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕಟ್ಟೆಗೆ ಒರಗಿದವರು ಹಾಗೆಯೇ ನಿದ್ದೆ ಹೋದರು. ಉಸಿರು ಬಿಟ್ಟಾಗಲೆಲ್ಲ ಮೀಸೆಯ ಎರಡೂ ತುದಿ ಎದ್ದು ಬೀಳುತ್ತಿದ್ದವು. ನನಗೆ ತಡೆಯಲಾಗಲಿಲ್ಲ. ಜೇಬಿನಲ್ಲಿದ್ದ ಪಟ ತೆಗೆದು ಅಲ್ಲೇ ಮಸಿಯಲ್ಲಿ ಗೆರೆ ಎಳೆದೆ. ರಾತ್ರಿ ತಂಗುವ ಛತ್ರಕ್ಕೆ ಬಂದು ಬಣ್ಣ ತುಂಬಿದೆ.

"ಬ್ಯಾಡ ಕಣ್ಲಾ, ಸಿಕ್ಕಾಕತ್ತೀಯ," ಎಂದಳು ಅತ್ತೆ.

"ನಾಳಿಕೆ ಮಳವಳ್ಳಿಗಲ್ವಾ ಓಗದು? ಅಲ್ಲಿ ಯಾರ್ಗೆ ಗೊತ್ತು ಅತ್ತೆ, ಇವರ ಮೊಕ?" ಎಂದೆ ನಾನು. ಬಣ್ಣದ ಗುಂಗಿನಲ್ಲಿ, ನಾವು ಮಳವಳ್ಳಿಗೆ ಯಾರ ಬಳಿಗೆ ಹೊರಟಿದ್ದೇವೆಂಬುದೇ ನನಗೆ ಮರೆತುಹೋಗಿತ್ತು.

ಮಳವಳ್ಳಿಯ ದಾರಿಯುದ್ದಕ್ಕೂ ರಾಗಿ ಹೊಲಗಳ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟಿತ್ತು. ಆ ಹಳದಿ ನನ್ನ ಅರಿಸಿನಕ್ಕೆ ಎಂದೂ ಬಂದಿರಲಿಲ್ಲ. ಮುಂದಿನ ಲಕ್ಷ್ಮಿಯ ಸೀರೆಗೆ ಅದೇ ಬಣ್ಣ ಹಾಕಬೇಕೆಂದು ನೋಡುತ್ತ ನಿಂತೆ. ಅತ್ತೆ ಪಂಜರದ ಕೋಲಿನಿಂದ ತಿವಿದು ನಡೆಸಿದಳು.

ಸಂತೆಯ ಹುಣಸೆ ಮರದಡಿ ಪಟ ಹರಡಿದೆವು. ಹೇಗಪ್ಪ ಪಟೇಲರ ಹೆಂಡತಿಯನ್ನು ಹುಡುಕುವುದು ಎಂದು ನಾನು ಯೋಚಿಸುತ್ತಿರುವಾಗ ಗಟ್ಟಿಮುಟ್ಟಾದ ಹೆಣ್ಣುಮಗಳೊಬ್ಬಳು ತನ್ನ ಅತ್ತಿಗೆಯ ಜೊತೆ ಬಂದು ಎದುರಿಗೆ ಕೂತಳು.

"ನಂದೊಂದು ಕೋಣ ಅದೆ, ಮದ್ದೂರ್ ತಾವ," ಎಂದಳು. "ಅದು ತಾನಾಗಿ ಎದ್ದು ಬತ್ತದಾ, ಇಲ್ಲ ಮಲ್ಗೇ ಇರ್ತದಾ, ಯೋಳಿ."

ಅತ್ತೆಯ ಮುಖ ಅರಳಿತು. ಹುಡುಕುವ ಕೆಲಸ ತಪ್ಪಿತು. "ಮಲ್ಗದು ಜಾಸ್ತಿನಾ ತಾಯಿ?"

"ಜಾಸ್ತಿ ಅಂದ್ರೆ? ಅಬ್ಬಕ್ಕೆ ಕರ್ಯಕ್ಕೆ ನಮ್ಮಪ್ಪ ಬಂತು. ಜಗ್ಲಿ ಮ್ಯಾಲೆ ಕೂತ್ಕತು, ಕೆಮ್ತು, ಎಲಡ್ಕೆ ಆಕ್ಕತು. ಪಕ್ಕದಲ್ಲೇ ಬಿದ್ಕಂಡಿರೋ ಆಸಾಮಿ ಕಣ್ಣೇ ಬುಡ್ನಿಲ್ಲ. ಮಾವ ಬಂದವ್ರೆ ಅಂತ ನಾನು ಅಲ್ಲಾಡುಸ್ದೆ. ಆ ಮಗ್ಗುಲಿಗೆ ಒರಳ್ತು." ಅವಳು ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡಳು. "ನಮ್ಮಪ್ಪ ಏನೂ ಅನ್ನಲಿಲ್ಲ. ಅದ್ಕೇ ನಂಗೆ ಒಟ್ಟೆ ಉರೀತು."

ಗಿಣಿ ಹೊರಗೆ ಬಂತು. ಸಾಲಿನ ಉದ್ದಕ್ಕೂ ನಡೆಯಿತು, ಮತ್ತೆ ವಾಪಸು ಬಂತು, ಕುಂಭಕರ್ಣನನ್ನು ಎಳೆದು ಹಾಕಿತು.

ನನಗಿಂತ ಮೊದಲು ಅತ್ತೆ ನೋಡಿದಳು. "ಇದು ಬಾಯ್ತಪ್ಪಿ ತಗೀತು," ಎಂದು ಕೈ ಚಾಚಿದಳು. ಆ ಹೊತ್ತಿಗೆ ಪಟ ಪಟೇಲರ ಹೆಂಡತಿಯ ಕೈಯಲ್ಲಿತ್ತು. ಅತ್ತಿಗೆ ಭುಜದ ಮೇಲಿಂದ ಬಗ್ಗಿ ನೋಡಿ, "ಅಯ್ಯೋ, ಇವ್ರು ನಿಮ್ಮೋರಲ್ವಾ!" ಎಂದು ಕೂಗಿಯೇ ಬಿಟ್ಟಳು. ನಾನು ಪಂಜರದ ಬಾಗಿಲು ಹಾಕಿ ಓಡುವ ದಾರಿ ನೋಡಿದೆ.

ಅವಳು ಪಟವನ್ನು ನೋಡಿದಳು. ಮೀಸೆ ನೋಡಿದಳು, ತೆರೆದ ಬಾಯಿ ನೋಡಿದಳು. ಮೊದಲು ಭುಜ ಕುಲುಕಿತು. ಆಮೇಲೆ ಸಂತೆಯ ಅರ್ಧ ಜನ ತಿರುಗಿ ನೋಡುವ ಹಾಗೆ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ಸ್ವಲ್ಪ ಹೊತ್ತು ನಿಲ್ಲಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ನೀವು ಅವ್ರುನ್ನ ಕಂಡಿದ್ರಿ. ಏನಂದ್ರು?" ಎಂದಳು.

"ಕೊಟ್ಗೆ ಬಣಗುಡ್ತಾ ಅದಂತೆ," ಎಂದೆ ನಾನು, ಅತ್ತೆ ತಡೆಯುವುದರೊಳಗೆ.

"ಕೊಟ್ಗೆನಾ?"

"ಎಮ್ಮೆ ಓಗ್ಬುಟ್ಟದೆ ಅಂದ್ರು."

"ನಾನು ಎಮ್ಮೆನಾ!" ಅವಳ ಕಣ್ಣು ಕೆಂಪಗಾಯಿತು. ತಾನು ಕೋಣ ಎಂದದ್ದು ನೆನಪಾಯಿತೋ ಏನೋ, ಮತ್ತೆ ನಗು ನುಗ್ಗಿ ಬಂತು. "ಸರಿ. ಎಮ್ಮೆ ತಾನಾಗಿ ಬರಾಕಿಲ್ಲ ಅನ್ನಿ. ಅಗ್ಗ ಇಡ್ಕಂಡು ಬಂದು ಕರ್ಕಂಡೋಗಕ್ಕೆ ಯೋಳಿ. ಬಂದು ನಮ್ಮಪ್ಪನ್ ಕುಟೆ ಎದ್ದು ಕೂತ್ಕಂಡು ಮಾತಾಡ್ಬೇಕು." ಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ತಾಯೀ, ಪಟ…" ಎಂದಳು ಅತ್ತೆ.

"ಅದ ಕೊಡಾಕಿಲ್ಲ. ಗಿಣಿ ನಂಗೇ ಕೊಟ್ಟದೆ."

ಮದ್ದೂರಿಗೆ ತಿರುಗಿ ಬಂದಾಗ ಪಟೇಲರು ಅರಳಿಕಟ್ಟೆಯ ಮೇಲೆ ಕಾಯುತ್ತಿದ್ದರು. ಆಶ್ಚರ್ಯವೆಂದರೆ, ಎದ್ದಿದ್ದರು. ಅತ್ತೆ ಎಮ್ಮೆಯ ಮಾತನ್ನೆಲ್ಲ ಚಾಚೂ ತಪ್ಪದೆ ಒಪ್ಪಿಸಿದಳು.

"ನಕ್ತಾ?" ಪಟೇಲರು ಅಷ್ಟನ್ನೇ ಕೇಳಿದರು.

"ನಕ್ತು ಪಟೇಲ್ರೇ."

"ಏನ ನೋಡಿ ನಕ್ತು?"

"ಗಿಣೀನ ನೋಡಿ," ಎಂದಳು ಅತ್ತೆ, ನನ್ನ ಕಡೆ ತಿರುಗದೆ.

ಮಾರನೆಯ ದಿನವೇ ಪಟೇಲರು ಗಾಡಿ ಕಟ್ಟಿಸಿದರು. ಮಳವಳ್ಳಿ ಮುಟ್ಟುವ ತನಕ ಅವರು ಎದ್ದೇ ಕೂತಿದ್ದರೆಂದು ಗಾಡಿ ಹೊಡೆಯುವವನು ಊರೆಲ್ಲ ಹೇಳಿಕೊಂಡು ತಿರುಗಿದ. ಮಾವನ ಎದುರು ಮಧ್ಯಾಹ್ನದಿಂದ ಸಂಜೆಯವರೆಗೆ ಕಣ್ಣು ಬಿಟ್ಟುಕೊಂಡು ಮಾತಾಡಿದರಂತೆ. ಕೊನೆಗೆ ಮಾವನೇ, "ವಸಿ ಮಲಿಕಳಪ್ಪ," ಎಂದನಂತೆ.

ದೀಪಾವಳಿಯ ಮಾರನೆಯ ದಿನ ಪಟೇಲರ ಮನೆಯಿಂದ ನನಗೆ ಕರೆ ಬಂತು. ಬಣ್ಣ, ಕುಂಚ ತೆಗೆದುಕೊಂಡು ಬರಬೇಕಂತೆ. ಅತ್ತೆ ಜೊತೆಗೆ ಬಂದಳು, ಪಂಜರವನ್ನು ಮಾತ್ರ ಮನೆಯಲ್ಲೇ ಬಿಟ್ಟಳು. "ಏಟು ಗೀಟು ಬಿದ್ರೆ ಗಿಣೀಗ್ ತಾಕ್ಬಾರ್ದು," ಎಂದು ಕಾರಣ ಹೇಳಿದಳು.

ಪಟೇಲರು ಜಗಲಿಯ ಮೇಲೆ ಕೂತಿದ್ದರು. ಹಿಂದಿನ ಕಂಬಕ್ಕೆ ನನ್ನ ಕುಂಭಕರ್ಣನನ್ನು ಅಂಟಿಸಿದ್ದರು.

"ಬರ್ದೋನು ನೀನೇನ್ಲಾ?"

"ಹೂಂ ಬುದ್ದಿ."

"ಕುಂಬಕರ್ಣ ಅಂದ್ರೆ ಏನ್ ಕಮ್ಮಿ ಸೂರ್ನಾ? ದ್ಯಾವರಾಜ ಇಂದ್ರನೇ ಎದುರ್ಕತಿದ್ದ. ಅಂತೋನ್ ಮೀಸೆ ಸತ್ತಿರೋ ಇಲಿ ಬಾಲ ಇದ್ದಂಗೆ ಜೋತಾಡ್ತಾ ಅದಲ್ಲೋ! ಎತ್ತಿ ಬರಿ ಅದ."

ನನಗೆ ಹೋದ ಜೀವ ಬಂತು. ಕುಂಚ ಅದ್ದಿದೆ. ಅಷ್ಟರಲ್ಲಿ ಒಳಗಿನಿಂದ ಪಟೇಲರ ಹೆಂಡತಿ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು.

"ತಿದ್ದೀಯ, ಉಸಾರು! ನಿದ್ದೇಲಿ ಅವ್ರ ಮೀಸೆ ಅಂಗೇ ಬೀಳದು. ದಿನಾ ನೋಡೋಳು ನಾನು."

"ನನ್ ಮೀಸೆ ನಂಗ್ ಗೊತ್ತಿಲ್ವಾ?"

"ನೀವ್ ನಿದ್ದೇಲಿರ್ತೀರಿ, ಎಂಗ್ ಗೊತ್ತಾದದು?"

ಪಟೇಲರು ಹಟ ಬಿಡಲಿಲ್ಲ. ನಾನು ಕುಂಚ ಹಿಡಿದು ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ನೋಡುತ್ತ ನಿಂತೆ. ಬಣ್ಣ ಒಣಗತೊಡಗಿತು. ಕೊನೆಗೆ ಅತ್ತೆಯೇ ಪಂಚಾಯಿತಿ ಮಾಡಿದಳು. ಬಲಗಡೆ ಮೀಸೆಯನ್ನು ಪಟೇಲರ ಇಷ್ಟದ ಹಾಗೆ ಚೇಳಿನ ಕೊಂಡಿಯಂತೆ ಎತ್ತಿ ತಿದ್ದಿದೆ. ಎಡಗಡೆಯದು ಹೆಂಡತಿಯ ಇಷ್ಟದ ಹಾಗೆ ಜೋತಾಡುತ್ತ ಉಳಿಯಿತು. ಇಬ್ಬರೂ ಪಟದ ಮುಂದೆ ನಿಂತು, ಗೆದ್ದದ್ದು ತಾವೇ ಎಂಬ ಮುಖ ಮಾಡಿದರು. ನಮಗೆ ಹೊಟ್ಟೆ ಬಿರಿಯುವಷ್ಟು ಒಬ್ಬಟ್ಟು ಹಾಕಿದರು. ಊಟವಾದ ಮೇಲೆ ಪಟೇಲರು ಅಲ್ಲೇ ಜಗಲಿಯ ಮೇಲೆ ಒರಗಿದರು. ಹೆಂಡತಿ ಬಂದು ನನ್ನನ್ನು ಕರೆದು, ಅವರ ಮೀಸೆಯ ಕಡೆ ಬೆರಳು ತೋರಿಸಿದಳು. ಎರಡೂ ಕಡೆ ಬಿದ್ದಿತ್ತು.

ಹೀಗೆ ನಮ್ಮ ಪಟದ ಕಟ್ಟಿನಲ್ಲಿ ಕುಂಭಕರ್ಣನ ಜಾಗ ಖಾಲಿಯಾಯಿತು. ಮಂಡ್ಯಕ್ಕೆ ಬಂದು ಹೊಸದಾಗಿ ಮೈ ಬರೆದು, ಮತ್ತೆ ಮುಖಕ್ಕೆ ಬಂದು ನಿಂತೆ. ಅತ್ತೆ ಅಡಿಕೆ ಕತ್ತರಿಸುತ್ತ ಕೂತಿದ್ದಳು.

"ನಿನ್ದೇ ಮೊಕ ಬರಿ," ಎಂದಳು. "ಯಾರೂ ಜಗಳ್ಕೆ ಬರಾಕಿಲ್ಲ."

ಕನ್ನಡಿ ಎದುರಿಗಿಟ್ಟುಕೊಂಡು ಬಾಯಿ ತೆರೆದು, ಕಣ್ಣು ಅರ್ಧ ಮುಚ್ಚಿ ಬರೆದೆ. ಕಾರ್ತಿಕ ಮುಗಿಯುತ್ತ ಬಂದಿತ್ತು. ರಾಗಿ ಕೊಯ್ಲು ಶುರುವಾಗಿ, ಮುಂದೇನಾಗುತ್ತದೆ ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಸಂಜೆ ಫಾರಂನಿಂದ ಬಂದ ನನ್ನ ಹೆಂಡತಿ ಕಾಲು ತೊಳೆದುಕೊಂಡು, ಒಣಗಲು ಇಟ್ಟಿದ್ದ ಪಟದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಚಂದಾಗದೆ," ಎಂದಳು. "ಬಾಯಿ ಮಾತ್ರ ಇನ್ನೂ ವಸಿ ದೊಡ್ದು ಮಾಡು."