ಚನ್ನಬಸವ್ವನ ದಬ್ಬಣ

ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊಲಿಯುವ ಚನ್ನಬಸವ್ವನಿಗೆ ಇನ್ನೊಂದು ಕಸುಬೂ ಇತ್ತು. ಇಂಡಿ ಕಡೆಯಿಂದ ಬಂದ ಹಮಾಲರ ಮನೆಗಳಲ್ಲಿ ಕೂಸಿಗೆ ಎದೆ ಕಟ್ಟಿತೆಂದರೆ ಡಾಕ್ಟರಿಗಿಂತ ಮೊದಲು ಇವಳಿಗೆ ಹೇಳಿಕಳಿಸುತ್ತಿದ್ದರು. ಚೀಲ ಹೊಲಿಯುವ ದಬ್ಬಣವನ್ನೇ ಕೆಂಪಗೆ ಕಾಸಿ ಕೂಸಿನ ಹೊಟ್ಟೆಗೆ ಚುರ್ರೆಂದು ಬರೆ ಎಳೆಯುತ್ತಿದ್ದಳು. ಕೂಸು ಕಿರುಚಿದರೆ ಎದೆ ಬಿಚ್ಚಿತೆಂದು ಲೆಕ್ಕ. ಬದುಕಿದವರು ಇವಳ ಹೆಸರು ಹೇಳಿದರು. ಸತ್ತವು ಏನು ಹೇಳಿಯಾವು?

ಈ ಶ್ರಾವಣದಲ್ಲಿ ಎದೆ ಕಟ್ಟಿದ್ದು ಅವಳ ಮೊಮ್ಮಗಳಿಗೇ. ಎರಡು ತಿಂಗಳ ಚಿನ್ನು ನೆಗಡಿ ಬಂದ ಮೂರನೆಯ ದಿನ ಮೊಲೆ ಬಿಟ್ಟಳು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿತ್ತು. ಮಗ ಮಾಂತು ರಿಕ್ಷಾ ತರಲು ಓಡಿದ. ಅವನು ಬರುವುದರೊಳಗೆ ಕೆಲಸ ಮುಗಿಸಬೇಕೆಂದು ಮುದುಕಿ ದಬ್ಬಣ ಕಾಸಿದಳು.

ಸೊಸೆ ರೇಣು ಕೂಸಿನ ಮೇಲೆ ಅಡ್ಡ ಬಿದ್ದಳು. ಚನ್ನಬಸವ್ವ ಅವಳ ಜುಟ್ಟು ಹಿಡಿದೆಳೆದು ಗೋಡೆಗೆ ನೂಕಿದಳು. ಚೀಲ ಹೊಲಿದ ರಟ್ಟೆ ಅದು. ರೇಣುವಿನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಆಕೆ ಎದ್ದು ಬಂದು ಕಾದ ದಬ್ಬಣವನ್ನೇ ಬರಿಗೈಯಲ್ಲಿ ಹಿಡಿದಳು. ಚರ್ಮ ಸುಟ್ಟ ವಾಸನೆ ಎದ್ದರೂ ಬಿಡಲಿಲ್ಲ. ಇನ್ನೊಂದು ಕೈಯಿಂದ ಅತ್ತೆಯ ಕೆನ್ನೆಗೆ ಬಾರಿಸಿದಳು, ಮತ್ತೊಮ್ಮೆ ಬಾರಿಸಿದಳು. ಮುದುಕಿ ಒಲೆಯ ಬುಡದಲ್ಲಿ ಕುಸಿದಳು.

ಮಾಂತು ತಂದ ರಿಕ್ಷಾದಲ್ಲಿ ಎಲ್ಲರೂ ಹೋದರು. ಆಸ್ಪತ್ರೆಯಲ್ಲಿ ಚಿನ್ನುವಿನ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದರು. ಅಲ್ಲಿನ ಡಾಕ್ಟರ್ ಇಂಪನಾ ಮೈಸೂರು ಕಡೆಯವರು. ಮುದುಕಿಯನ್ನು ಕೂರಿಸಿಕೊಂಡು ಸಮಾಧಾನದಿಂದ ತಿಳಿಸಿದರು: ಒಳಹೊಕ್ಕ ವೈರಸ್ಸನ್ನು ಹೊಡೆಯಲು ಕೂಸಿನ ರಕ್ತದ ಕಾವಲು ಕಣಗಳೇ ಶ್ವಾಸಕೋಶಕ್ಕೆ ನುಗ್ಗುತ್ತವೆ. ಎಳೆ ಮೈಯ ಉಸಿರಿನ ಕೊಳವೆಗಳು ತೀರಾ ಸಣ್ಣವು. ಆ ಹೊಡೆದಾಟಕ್ಕೆ ಅವುಗಳ ಗೋಡೆ ಊದಿಕೊಳ್ಳುತ್ತದೆ, ಸತ್ತ ಕಣಗಳೂ ಕಫವೂ ಸೇರಿ ದಾರಿ ಮುಚ್ಚುತ್ತವೆ. ಉಸಿರಿಗೆ ಆಸರೆ ಕೊಟ್ಟು ಕಾದರೆ ನಾಲ್ಕೈದು ದಿನದಲ್ಲಿ ಅದು ತಾನಾಗಿ ತಣ್ಣಗಾಗುತ್ತದೆ, ಬಹಳಷ್ಟು ಕೂಸುಗಳು ಉಳಿಯುತ್ತವೆ.

"ಬರಿ ಕೊಡದಿದ್ರೂ ಎದಿ ಬಿಚ್ಚತೈತೇನ್ರಿ?"

"ಹೌದಮ್ಮ. ಬರೆ ಹಾಕಿದ್ರೆ ಗಾಯ ಕೀವಾಗಿ ನಂಜು ರಕ್ತಕ್ಕೆ ಹೋಗುತ್ತೆ. ಉಸಿರು ಸರಿಯಾದ ಮೇಲೂ ಮಗು ಆ ನಂಜಿಗೇ ಹೋಗ್ಬಿಡಬಹುದು."

ಚನ್ನಬಸವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬೆಂಚಿನ ಮೇಲೆ ರೇಣು ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಳು, ಅತ್ತೆಯನ್ನು ಕಂಡು ಮುಖ ತಿರುಗಿಸಿದಳು. ಮುದುಕಿ ಅವಳ ಕಾಲ ಬುಡದಲ್ಲಿ ನೆಲಕ್ಕೇ ಕೂತಳು.

"ಮಾಂತೂನ ಮೊದಲ ನನಗೊಂದು ಹೆಣ್ಣಗೂಸು ಇತ್ತು, ಮಾಧುರಿ ಅಂತ. ಬರಿ ಕೊಟ್ಟೆ. ನಾಕನೇ ದಿನಕ್ಕ ಕೆಮ್ಮು ಹೋತು, ಹಾಲೂ ಕುಡೀತು. ಒಂಬತ್ತನೇ ದಿನಕ್ಕ ಹೊಟ್ಟಿ ಕೀವಾಗಿ ಸತ್ತಿತು." ಸೊಸೆಯ ಪಟ್ಟಿ ಕಟ್ಟಿದ ಕೈ ನೋಡುತ್ತ ಅಂದಳು, "ಅದರ ಮ್ಯಾಲೆ ಅಡ್ಡ ಬೀಳಾಕ ಯಾರೂ ಇರಲಿಲ್ಲ, ರೇಣು."