ಆಪಾಳ ಕೋಟಿನ ಜೊತೆ ಹೋದ ಪಾಸ್‌ಪೋರ್ಟ್

ಶಿವಾಜಿನಗರದ ನೂರ್‌ಜಹಾನ್ ಸೀರೆಗೆ ಫಾಲ್ಸ್ ಹೊಲಿದು ಬದುಕುವವಳು. ಕತ್ತು ಬಗ್ಗಿಸಿ ಕೂತರೆ ಯಾರ ತಂಟೆಗೂ ಹೋಗದ ಜೀವ. ಅಂಥವಳು ಮಸ್ಕತ್ತಿನ ನಮ್ಮ ರಾಯಭಾರ ಕಚೇರಿಯಲ್ಲಿ ಟೋಕನ್ ಹಿಡ್ಕೊಂಡು ಕೂತಿದ್ದಳು ಅಂದ್ರೆ ನಂಬ್ತೀರಾ? ಕೂತಿದ್ದಳು ಕಣ್ರೀ. ಸೊಂಟ ಹಿಡ್ಕೊಂಡಿತ್ತು, ಅತ್ತೂ ಅತ್ತೂ ಕಣ್ಣು ಉರೀತಿತ್ತು.

ಮಸ್ಕತ್ತಲ್ಲಿ ಸಂಸಾರ ಮಾಡಿಕೊಂಡಿದ್ದ, ಇವಳು ಆಪಾ ಅಂತ ಕರೆಯೋ ಅಕ್ಕ ಸುರಯ್ಯಾಗೆ ಕಾಯಿಲೆ ಜೋರಾಯ್ತು ಅಂತ ನೋಡಿಕೊಳ್ಳೋಕೆ ಹೋದವಳು ಇವಳು. ಆಸ್ಪತ್ರೆಯ ಎಸಿ ಚಳಿಗೆ ಅಕ್ಕನ ಕೋಟನ್ನೇ ಹಾಕಿಕೊಂಡಳು. ಕೌಂಟರಿನಲ್ಲಿ ಪದೇ ಪದೇ ಕೇಳ್ತಾರಲ್ಲ ಅಂತ ಪಾಸ್‌ಪೋರ್ಟನ್ನು ಅದರ ಒಳಜೇಬಿನಲ್ಲೇ ಇಟ್ಟಳು. ಅಕ್ಕ ಉಳಿಯಲಿಲ್ಲ. ಸತ್ತವರ ಬಟ್ಟೆಬರೆಯನ್ನೆಲ್ಲ ಇಲ್ಲದವರಿಗೆ ಹಂಚಿಬಿಡೋದು ಇವರ ಮನೆ ಪದ್ಧತಿ. ಒಂದೊಂದನ್ನೂ ಮೂಸಿ, ಅತ್ತು, ಮಡಿಸಿ ಗಂಟು ಕಟ್ಟಿದವಳು ನೂರ್‌ಜಹಾನೇ. ಜೇಬು ತಡವೋ ಬುದ್ಧಿ ಆಗ ಎಲ್ಲಿಂದ ಬರಬೇಕು? ಭಾವ ಗಂಟನ್ನು ದಾನಕ್ಕೆ ಕೊಟ್ಟು ಬಂದ. ಊರಿಗೆ ಹೊರಡೋಣ ಅಂತ ಹುಡುಕಿದಾಗ ಕೋಟು ಯಾವ ಪುಣ್ಯಾತ್ಮಳ ಮೈಮೇಲಿತ್ತೋ!

ಶುರುವಾಯ್ತು ನೋಡಿ ಅಲೆದಾಟ. ಊರಿಗೆ ಒಂದು ಸಲ ಮರಳೋಕೆ ಮಾತ್ರ ಆಗುವ ತುರ್ತು ಪತ್ರ ಬೇಕು. ಅದಕ್ಕೆ ಪೊಲೀಸ್ ದೂರು, ಫೋಟೊ, ಪಾಸ್‌ಪೋರ್ಟಿನ ಜೆರಾಕ್ಸ್. ಊರಲ್ಲಿ ತಮ್ಮ ರಹೀಂ ಬೀರು ಜಾಲಾಡಿ ಜೆರಾಕ್ಸ್ ಕಳಿಸಿದ. ಪತ್ರ ಸಿಕ್ಕರೂ ಆ ದೇಶ ಬಿಡೋಕೆ ಅಲ್ಲಿನವರ ಒಪ್ಪಿಗೆ ಬೇರೆ. ನಾಳೆ ಬನ್ನಿ, ಮತ್ತೆ ನಾಳೆ ಬನ್ನಿ.

ಅದೆಲ್ಲ ಹಾಳಾಗಿ ಹೋಗ್ಲಿ, ಅವಳ ಜೀವ ತಿಂತಿದ್ದುದು ಅಮ್ಮಿಯ ಯೋಚನೆ. ಅಮ್ಮಿಗೆ ಹೃದಯದ ಆಪರೇಷನ್ ಆಗಿದೆ, ಮಗಳು ಹೋದ ಸುದ್ದಿ ಗೊತ್ತಿಲ್ಲ. "ಪಕ್ಕದಲ್ಲಿ ಕೂತು ನಾನೇ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ" ಅಂತ ರಹೀಂನಿಂದ ಆಣೆ ಹಾಕಿಸಿಕೊಂಡಿದ್ದಳು. ಫೋನಿನಲ್ಲಿ ಅಮ್ಮಿ "ಸುರಯ್ಯಾಗೆ ಕೊಡು" ಅಂದಾಗಲೆಲ್ಲ "ಮಲಗಿದಾಳೆ ಅಮ್ಮಿ" ಅನ್ನೋದು. ಆ ಸುಳ್ಳು ಹೇಳಿ ಹೇಳಿ ಸುಸ್ತಾಗಿ ಹೋಗಿದ್ದಳು.

ಅವತ್ತೂ ಬೆಂಚಿನ ಮೇಲಿದ್ದಾಗಲೇ ಫೋನು ಬಂತು.

"ಯಾಕೆ ಇಷ್ಟು ತಡ, ಬೇಟಾ?"

"ಪಾಸ್‌ಪೋರ್ಟ್ ಕಳೀತು ಅಮ್ಮಿ. ಆಪಾ ಕೋಟಿನ ಜೇಬಲ್ಲಿತ್ತು, ಅದನ್ನ ದಾನ ಕೊಟ್ಬಿಟ್ವಿ."

"ಕೋಟೊಂದೇನಾ?"

"ಎಲ್ಲಾ ಬಟ್ಟೇನೂ, ಅಮ್ಮಿ."

ಅಷ್ಟರಲ್ಲಿ ಅವಳ ಟೋಕನ್ ಕೂಗಿದರು. ಅಮ್ಮಿ "ಹುಷಾರಾಗಿ ಬಾ" ಅಂದು ಫೋನಿಟ್ಟಳು. ಆಮೇಲೆ ಅಮ್ಮಿ ಸುರಯ್ಯಾನ ಕೇಳಲೇ ಇಲ್ಲ. ಸದ್ಯ, ಸುಳ್ಳು ಹೇಳೋದು ತಪ್ಪಿತು ಅಂತ ಇವಳು ಉಸಿರು ಬಿಟ್ಟಳು.

ಕೊನೆಗೂ ಪತ್ರ ಬಂತು, ಒಪ್ಪಿಗೆಯೂ ಬಂತು. ವಿಮಾನದಲ್ಲಿ, ಆಮೇಲೆ ಆಟೋದಲ್ಲಿ, ಅಮ್ಮಿಗೆ ಹೇಗೆ ಹೇಳೋದು ಅಂತ ಮಾತು ಜೋಡಿಸಿ ಜೋಡಿಸಿ ಅವಳ ಬಾಯಿ ಒಣಗಿತ್ತು.

ಅಮ್ಮಿ ಮಂಚದ ಮೇಲೆ ಕೂತಿದ್ದಳು. ಪಕ್ಕದ ಮನೆ ಪಟಾಲಮ್ಮ ನೀರು ಕೊಟ್ಟು ಎದ್ದು ಹೋದಳು. ಮಂಚದ ಪಕ್ಕದಲ್ಲಿ ಸುರಯ್ಯಾಳ ಟ್ರಂಕು. ಮದುವೆಯಾಗಿ ಹೋಗುವಾಗ ಅವಳು ಬಿಟ್ಟುಹೋದ ಬಟ್ಟೆ ಅದರಲ್ಲಿ. ಅಮ್ಮಿ ಅದನ್ನು ಯಾರಿಗೂ ಮುಟ್ಟೋಕೆ ಬಿಡುತ್ತಿರಲಿಲ್ಲ. ಈಗ ಮುಚ್ಚಳ ತೆಗೆದಿತ್ತು. ಒಳಗೆ ಏನೂ ಇರಲಿಲ್ಲ.

"ಅಮ್ಮಿ, ಬಟ್ಟೆ?"

"ಪಟಾಲಮ್ಮನ ಕೈಲಿ ಹಂಚಿಸ್ದೆ. ಬದುಕಿರೋರ ಬಟ್ಟೆ ಎಲ್ಲಾನೂ ಯಾರಾದ್ರೂ ದಾನ ಕೊಡ್ತಾರೇನೇ?"

ನೂರ್‌ಜಹಾನ್ ಟ್ರಂಕಿನ ಪಕ್ಕ ನೆಲದ ಮೇಲೆ ಕೂತಳು. "ಅವತ್ತೇ ಯಾಕೆ ಕೇಳ್ಲಿಲ್ಲ ಅಮ್ಮಿ?"

"ನೀನು ಒಬ್ಬಳೇ ಇದ್ಯಲ್ಲ ಅಲ್ಲಿ. ಅಳೋಕೆ ಶುರು ಮಾಡಿದ್ರೆ ನಿನ್ನ ಸುಧಾರಿಸೋರು ಯಾರಿದ್ರು?"

ಅಮ್ಮಿ ದಿಂಬಿನ ಕೆಳಗಿಂದ ಒಂದು ನೀಲಿ ದುಪಟ್ಟಾ ತೆಗೆದು ಮಗಳ ಮಡಿಲಲ್ಲಿಟ್ಟಳು.

"ಇದೊಂದು ಉಳೀತು. ನೀನೇ ಯಾರಿಗಾದ್ರೂ ಕೊಟ್ಬಿಡು ಬೇಟಾ, ನನ್ನ ಕೈಲಿ ಆಗ್ಲಿಲ್ಲ."