ಎದುರುಮನೆ ಅಜ್ಜಿಯ ಊರಿನ ಆಚೆ ದಡ

ಮೊನ್ನೆ ಬ್ರಿಕ್‌ಫೀಲ್ಡ್ಸಿನ ತಮಿಳರ ತರಕಾರಿ ಅಂಗಡಿಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟೊಂದನ್ನು ಕೈಗೆತ್ತಿಕೊಂಡೆ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ಕಟ್ಟನ್ನು ಅಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ. ಸೊಪ್ಪು ಚೆನ್ನಾಗಿಯೇ ಇತ್ತು. ಎದುರುಮನೆ ಅಜ್ಜಿ ನೆನಪಾದರು...

ಈ ಪರದೇಶದಲ್ಲಿ ನಾವಿರುವುದು ಮಾಂಟ್ ಕಿಯಾರಾ ಬಡಾವಣೆಯ ಹತ್ತೊಂಬತ್ತನೆಯ ಮಹಡಿಯಲ್ಲಿ. ನಮ್ಮ ಬಾಗಿಲಿಗೆ ನೇರ ಎದುರು ಅವರ ಬಾಗಿಲು. ರಷ್ಯಾದವರು. ಎರಡು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದರು, ಅಷ್ಟರಲ್ಲಿ ಲಾಕ್‌ಡೌನ್. ಮಗ ಹಡಗಿನ ಎಂಜಿನಿಯರ್, ಎಲ್ಲೋ ಸಮುದ್ರದ ಮೇಲೆಯೇ ಉಳಿದ. ನಮ್ಮ ಯಜಮಾನರೂ ಮೈಸೂರಿಗೆ ಹೋದವರು ವಿಮಾನವಿಲ್ಲದೆ ಅಲ್ಲೇ ಸಿಕ್ಕಿಬಿದ್ದರು. ಈ ಕಡೆ ನಾನು ಮತ್ತು ಒಂಬತ್ತು ವರ್ಷದ ಮಗಳು, ಆ ಕಡೆ ಅಜ್ಜಿ ಒಬ್ಬರೇ. ನಡುವೆ ಆರೇಳು ಅಡಿ ಕಾರಿಡಾರ್.

ಆಗ ಹೆದರಿದಷ್ಟು ನಾನು ಜನ್ಮದಲ್ಲಿ ಹೆದರಿಲ್ಲ. ಲಿಫ್ಟಿನ ಗುಂಡಿಯನ್ನು ಬೀಗದ ಕೈಯಿಂದ ಒತ್ತುತ್ತಿದ್ದೆ. ಹಾಲಿನ ಡಬ್ಬಕ್ಕೆ ಸೋಪು ಹಚ್ಚಿ ಸ್ನಾನ ಮಾಡಿಸುತ್ತಿದ್ದೆ. ಅಮ್ಮನ ಮಡಿಯನ್ನು ಆಡಿಕೊಂಡು ನಕ್ಕವಳು, ಈಗ ಅದು ಮುಟ್ಟಬೇಡ ಇದು ಮುಟ್ಟಬೇಡ ಎಂದು ಮಗಳ ಮೇಲೆ ಹಾರಾಡುತ್ತಿದ್ದೆ. ನನಗೇ ಏನಾದರೂ ಆದರೆ ಇವಳನ್ನು ಯಾರ ಕೈಗೆ ಕೊಡುವುದು? ಅನ್ನಕ್ಕೆ ಕೂತರೂ ಅದೇ ಪ್ರಶ್ನೆ.

ಅಜ್ಜಿ ತಮ್ಮೂರಿನ ಶಾಲೆಯಲ್ಲಿ ಭೂಗೋಳ, ಇತಿಹಾಸ ಕಲಿಸಿದವರು. ಮಗಳ ಆನ್‌ಲೈನ್ ಕ್ಲಾಸು ಮುಗಿದ ಮೇಲೆ ಅವರ ಹೊಸ್ತಿಲಲ್ಲಿ ಅವರು, ನಮ್ಮ ಹೊಸ್ತಿಲಲ್ಲಿ ಇವಳು ಮಾಸ್ಕ್ ಹಾಕಿಕೊಂಡು ಕೂರುತ್ತಿದ್ದರು. ಅವರು ಊರನ್ನು ಹೇಳುತ್ತಿದ್ದರು, ಇವಳು ಡ್ರಾಯಿಂಗ್ ಹಾಳೆಯಲ್ಲಿ ಅದರ ನಕಾಶೆ ಬರೆಯುತ್ತಿದ್ದಳು. ಸಣ್ಣ ಊರು, ನಡುವೆ ನದಿ. ಈಚೆ ದಡ ಎತ್ತರ. ಅಲ್ಲಿ ಹಳೆಯ ಕೋಟೆಯ ಮಣ್ಣಿನ ದಿಬ್ಬ, ವ್ಯಾಪಾರಿಗಳ ಕಲ್ಲುಮನೆಗಳು, ಬಟ್ಟೆ ಕಾರ್ಖಾನೆ. ರೈಲು ಬಂದರೆ ದೋಣಿ ವ್ಯಾಪಾರ ಕೆಡುತ್ತದೆಂದು ಆ ವ್ಯಾಪಾರಿಗಳೇ ಹಳಿಯನ್ನು ದೂರ ಮಾಡಿಸಿದರಂತೆ. ಊರು ಅಂದಿನಿಂದ ಬೆಳೆಯಲೇ ಇಲ್ಲ.

"ಎಷ್ಟು ದುರಾಸೆ!" ಎಂದೆ ನಾನು.

"ದುರಾಸೆ ಅಲ್ಲ, ಹೆದರಿಕೆ," ಎಂದರು ಅಜ್ಜಿ ತಮ್ಮ ಹರಕು ಇಂಗ್ಲಿಷಿನಲ್ಲಿ. "ಹೆದರಿದ್ರು, ಬಾಗಿಲು ಹಾಕ್ಕೊಂಡ್ರು. ಅಷ್ಟೇ."

ಆಚೆ ದಡ ತಗ್ಗು, ಹಿಮ ಕರಗಿದಾಗ ಮುಳುಗುವ ಜಾಗ. ಹಿಂದೆ ಊರಿಗೆ ಮಾರಿಬೇನೆ ಬಂದಾಗ ಜನರೆಲ್ಲ ಅಲ್ಲಿ ಸೇರಿ, ಬೆಳಗ್ಗೆ ಮರ ಕಡಿದು, ಸೂರ್ಯ ಮುಳುಗುವುದರೊಳಗೆ ಒಂದು ಮರದ ಚರ್ಚು ಕಟ್ಟಿದ್ದರಂತೆ. ಒಂದೇ ದಿನದಲ್ಲಿ ಕಟ್ಟಿ ಮುಗಿಸಿದರೆ ಬೇನೆ ಊರು ಬಿಡುತ್ತದೆಂಬ ನಂಬಿಕೆ. ಆ ಚರ್ಚು ಎಂದೋ ಸುಟ್ಟುಹೋಗಿತ್ತು. ಅದು ಇದ್ದ ಜಾಗ ಯಾವುದೆಂದು ಮಗಳು ಕೇಳಿದಳು.

"ಪುಸ್ತಕದಲ್ಲಿಲ್ಲ. ನಮ್ಮಜ್ಜಿ ನನಗೆ ತೋರ್ಸಿದ್ರು. ಈಗ ಬೇರೆ ಯಾರಿಗೂ ಗೊತ್ತಿಲ್ಲ. ನಾನು ಹೋದ್ರೆ ಆ ಜಾಗಾನೂ ಹೋಯ್ತು. ನಾಳೆ ಆಚೆ ದಡ ಬರೆಯೋಣ, ನಿನಗೆ ಹೇಳ್ಬಿಡ್ತೀನಿ."

ಮರುದಿನ ಅಜ್ಜಿ ಕೆಮ್ಮಿದರು. ಒಂದೇ ಸಲ. ಮಗಳ ತೋಳು ಹಿಡಿದು ಒಳಗೆಳೆದು ಬಾಗಿಲು ಹಾಕಿದೆ.

ಆದರೂ ಮನಸ್ಸು ಕೇಳಲಿಲ್ಲ. ದಿನಾ ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ ಸಾರು ಹಾಕಿ, ಅವರ ಬಾಗಿಲ ಮುಂದೆ ಸ್ಟೂಲಿನ ಮೇಲಿಟ್ಟು, ಬೆಲ್ ಒತ್ತಿ ಓಡಿಬರುತ್ತಿದ್ದೆ. ಖಾಲಿ ಡಬ್ಬಿಯನ್ನು ಹಿಂದಿರುಗಿಸಬಾರದೆಂದು ನಾವು ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವಲ್ಲ, ಅಜ್ಜಿಗೂ ಅದೇ ಅಭ್ಯಾಸ. ಒಂದು ದಿನ ಬಾಲ್ಕನಿಯ ಕುಂಡದಲ್ಲಿ ಬೆಳೆದ ಸಬ್ಬಸಿಗೆ ಉದುರಿಸಿದ ಆಲೂಗಡ್ಡೆ, ಇನ್ನೊಂದು ದಿನ ಬ್ರೆಡ್ಡು. ನಾನು ಕೈಗವಸು ಹಾಕಿ, ಉಸಿರು ಬಿಗಿಹಿಡಿದು ಎಲ್ಲವನ್ನೂ ಕಸದ ಚೀಲಕ್ಕೆ ಸುರಿಯುತ್ತಿದ್ದೆ. ಆ ಸೊಪ್ಪಿನ ವಾಸನೆ ಮಾತ್ರ ಮಾಸ್ಕಿನೊಳಗೂ ನುಗ್ಗುತ್ತಿತ್ತು.

ನಾಲ್ಕನೆಯ ದಿನ ಡಬ್ಬಿಯಲ್ಲಿ ತಿಂಡಿಯಿರಲಿಲ್ಲ, ಮಡಿಸಿದ ಕಾಗದವಿತ್ತು. ಅರೆತೆರೆದ ಮಡಿಕೆಯಲ್ಲಿ ಬಾಗಿದ ಪೆನ್ಸಿಲ್ ಗೆರೆ, ಅದರ ಪಕ್ಕ ಒಂದು ಗುರುತು ಕಂಡಿತು. ಅದು ಏನೆಂದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ವೈರಸ್ಸು ಕಾಗದದ ಮೇಲೆ ದಿನಗಟ್ಟಲೆ ಬದುಕುತ್ತದೆಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ಅದನ್ನೂ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಎಸೆದುಬಂದು ಕೈ ತೊಳೆದುಕೊಂಡೆ.

ಮಾರನೆಯ ಬೆಳಗ್ಗೆ ಬಿಳಿ ಉಡುಪಿನ ಇಬ್ಬರು ಬಂದರು. ಬಾಗಿಲ ಕಿಂಡಿಗೆ ಕಣ್ಣಿಟ್ಟು ನಿಂತೆ. ಗಾಲಿಕುರ್ಚಿಯಲ್ಲಿದ್ದ ಅಜ್ಜಿ ನಮ್ಮ ಬಾಗಿಲ ಕಡೆ ತಿರುಗಿ, ಗಾಳಿಯಲ್ಲಿ ಬೆರಳಿನಿಂದ ಗೆರೆ ಎಳೆದು, ಸಿಕ್ಕಿತೇ ಎಂಬಂತೆ ಹುಬ್ಬೇರಿಸಿದರು.

"ಅಮ್ಮಾ, ಓಪನ್ ಲಾ! ಅಜ್ಜಿ ಈಸ್ ಗೋಯಿಂಗ್!" ಮಗಳು ಇಲ್ಲಿಯವರ ಧಾಟಿಯ ಇಂಗ್ಲಿಷಿನಲ್ಲಿ ಕೂಗುತ್ತ ಸೆರಗು ಜಗ್ಗಿದಳು. ನಾನು ಚಿಲಕದ ಮೇಲಿನ ಕೈ ತೆಗೆಯಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೂ ಹಾಗೇ ನಿಂತಿದ್ದೆ...

ಅವರು ಆಸ್ಪತ್ರೆಯಿಂದ ಹಿಂದಿರುಗಲಿಲ್ಲ. ತಿಂಗಳುಗಳ ಮೇಲೆ ಮಗ ಬಂದು ಮನೆ ಖಾಲಿ ಮಾಡಿದ. ಧೈರ್ಯ ಮಾಡಿ ಆಚೆ ದಡದ ಚರ್ಚಿನ ವಿಷಯ ಕೇಳಿದೆ. "ಯಾವ ಚರ್ಚು?" ಎಂದ.

ಮಗಳಿಗೀಗ ಹದಿನಾಲ್ಕು. ಆ ಕಾಗದದ ವಿಷಯವನ್ನು ಇಷ್ಟು ವರ್ಷ ಅವಳಿಂದ ಮುಚ್ಚಿಟ್ಟಿದ್ದೆ. ಮೊನ್ನೆ ಅಂಗಡಿಯಿಂದ ಬಂದವಳೇ ಎಲ್ಲ ಹೇಳಿಬಿಟ್ಟೆ. ಕೂಗಾಡುತ್ತಾಳೆಂದು ಕಾದೆ. ಅವಳು ಎದ್ದು ಹೋಗಿ, ಅರ್ಧ ಬರೆದ ಹಳೆಯ ಹಾಳೆಯನ್ನು ತಂದು ಮೇಜಿನ ಮೇಲೆ ಹರಡಿದಳು.

"ಯು ಸಾ ಇಟ್, ನೋ? ಟೆಲ್ ಮಿ."

"ನದಿ ಒಂದು ಕಡೆ ಬಾಗಿತ್ತು ಕಣೇ... ಅಲ್ಲೇ ಪಕ್ಕದಲ್ಲಿ ಒಂದು ಗುರುತಿತ್ತು."

"ಬೆಂಡ್‌ಗೆ ಮುಂಚೆನಾ, ಆಮೇಲಾ?"

ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಆ ಊರಿನ ಆ ಜಾಗವನ್ನು ಕೊನೆಯದಾಗಿ ನೋಡಿದವಳು ನಾನು. ಸರಿಯಾಗಿ ನೋಡಿರಲಿಲ್ಲ.